ತಂಗಿಯ ಟಿಕೆಟ್ ಎರಡನೇ ಸಲ ಕ್ಯಾನ್ಸಲ್, ಕೂಸು ಇನ್ನೂ ಶಿಶುಗೃಹದಲ್ಲೇ. ವಿದೇಶಕ್ಕೆ ದತ್ತು ಹೋಗುವ ಈ ದಾರಿ ನಡೆದವರು ಯಾರಾದರೂ ಇದ್ದೀರಾ?

ವಿದ್ಯಾನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಬರೋದೇ ನೀರು ಯಾವಾಗ ಬಿಡುತ್ತಾರೆ ಅಂತ ಕೇಳೋಕೆ. ಇವತ್ತಿನದು ಬೇರೆ ವಿಷಯ. ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ನನ್ನ ತಂಗಿ ಮತ್ತು ಅವಳ ಗಂಡ ಹದಿನಾಲ್ಕು ವರ್ಷದಿಂದ ಅಮೆರಿಕದಲ್ಲಿದ್ದಾರೆ. ಈಗ ಇಬ್ಬರೂ ಅಲ್ಲಿನ ನಾಗರಿಕರು, ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡುವ ಓಸಿಐ ಕಾರ್ಡ್ ಇದೆ. ಮಕ್ಕಳಾಗಲಿಲ್ಲ. ಅಲ್ಲಿನ ಒಂದು ಏಜೆನ್ಸಿ ಮೂಲಕ ದತ್ತು ತೆಗೆದುಕೊಳ್ಳಲು ಹೆಸರು ಹಚ್ಚಿದರು. ಇಂಡಿಯಾದ ಯಾವ ಮೂಲೆಯ ಕೂಸು ಸಿಗುತ್ತದೋ ಗೊತ್ತಿರಲಿಲ್ಲ. ಪ್ರೊಫೈಲ್ ತೆರೆದರೆ ಹುಟ್ಟಿದ ಊರು ಹುಬ್ಬಳ್ಳಿ! ತಂಗಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಅತ್ತಳು. ಕೂಸು ಇರುವ ಶಿಶುಗೃಹ ಯಾವ ಜಿಲ್ಲೆಯದು ಅಂತ ನಾನು ಇಲ್ಲಿ ಬರೆಯುವುದಿಲ್ಲ, ನಮ್ಮಿಂದ ದೂರ ಏನಿಲ್ಲ.

ಪ್ರೊಫೈಲ್ ಬಂದಾಗ ಅವಳಿಗೆ ಎರಡು ವರ್ಷ ಎರಡು ತಿಂಗಳು. ಈಗ ಮೂರು ತುಂಬಿ ಮೇಲಾಯಿತು. ಸೀಳುತುಟಿ ಇತ್ತು, ಆಪರೇಷನ್ ಆಗಿದೆ. ಮಾತು ಇನ್ನೂ ಮೂಗಿನಲ್ಲಿ ಬರುತ್ತದೆ, ಸ್ಪೀಚ್ ಥೆರಪಿ ಬೇಕು. ತಂಗಿ ಅಲ್ಲಿ ಎಲ್ಲ ಗೊತ್ತುಮಾಡಿ ಇಟ್ಟಿದ್ದಾಳೆ.

ಮೊದಲನೇ ಟಿಕೆಟ್ ದೀಪಾವಳಿಗೆ ತೆಗೆದಿದ್ದರು. ದತ್ತು ನೋಡಿಕೊಳ್ಳುವ ದೆಹಲಿಯ ಕೇಂದ್ರ ಸಂಸ್ಥೆ ಕಾರಾದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರಲಿಲ್ಲ, ಕ್ಯಾನ್ಸಲ್. ಎನ್‌ಒಸಿ ಬಂತು, ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹೋಯಿತು. ಕಾಯ್ದೆ ಪ್ರಕಾರ ಎರಡು ತಿಂಗಳಲ್ಲಿ ಮುಗಿಯಬೇಕು ಅಂತ ಏಜೆನ್ಸಿಯವರು ಹೇಳಿದರು. ಅದನ್ನು ನಂಬಿ ಎರಡನೇ ಟಿಕೆಟ್. ಅಷ್ಟರಲ್ಲಿ ಆ ಸಾಹೇಬರಿಗೆ ಟ್ರಾನ್ಸ್‌ಫರ್. ಹೊಸಬರು ಬಂದು ಫೈಲ್ ಇನ್ನೂ ನೋಡಿಲ್ಲ. ಇದು ನಾಲ್ಕನೇ ತಿಂಗಳು. ಟಿಕೆಟ್ ದುಡ್ಡು ಹೋಗಿದ್ದು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇವೆ.

ಅವ್ವನ ಕಥೆ ಬೇರೆ. ಸುದ್ದಿ ಕೇಳಿದ ವಾರದಲ್ಲೇ ಗುಳೇದಗುಡ್ಡ ಖಣದಲ್ಲಿ ಕುಂಚಿಗೆ ಹೊಲಿದಳು. ಎರಡು ವರ್ಷದ ಹುಡುಗಿಗೆ ಕುಂಚಿಗೆ ಯಾಕವ್ವಾ ಅಂದರೆ, "ನಮ್ಮನಿಗೆ ಬರೂ ಕೂಸಿಗೆ ಕುಂಚಿಗಿ ಹಾಕಲಾರದ ಹೆಂಗ ಒಳಗ ಕರಕೊಳ್ಳೂದು?" ಅಂದಳು. ಅದು ಈಗ ಅವಳ ತಲೆಗೆ ಏರುವುದೇ ಇಲ್ಲ. ಶಿಶುಗೃಹದವರು ಕಳಿಸಿದ ಫೋಟೋ ನೋಡಿಯೇ ಗೊತ್ತಾಗುತ್ತದೆ. ಮೊದಲನೇ ಟಿಕೆಟ್ ಹೋದ ದಿನ ಅವ್ವ ಕೌದಿ ಹಿಡಿದು ಕೂತಳು. ಕೌದಿಗೆ ಅಳತೆ ಬೇಕಾಗಿಲ್ಲವಂತೆ.

ಕೇಳಬೇಕಾಗಿದ್ದು ಇಷ್ಟೇ. ಆದೇಶ ಆದ ಮೇಲೆ ವಿಮಾನ ಹತ್ತುವವರೆಗೆ ಎಷ್ಟು ದಿನ ಹಿಡಿಯುತ್ತದೆ? ಈಗಲೇ ಬಂದು ಕೂಸನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗುತ್ತದಾ? ಮೂರನೇ ಟಿಕೆಟ್ ತೆಗೆಯೋದಾ ಬೇಡವಾ?

ಕೆಲಗೇರಿ ದಂಡೆ

ಅಕ್ಕಾ, ಟಿಕೆಟ್ ಬೇಡ. ಮೊದಲು ಅದನ್ನು ಹೇಳಿಬಿಡ್ತೀನಿ.

ನಮ್ಮದು ದೇಶದೊಳಗಿನ ದತ್ತು, ಆದರೂ ಹೇಳ್ತೀನಿ ಕೇಳಿ. ನಮ್ಮ ಮಗನ ಅರ್ಜಿ ಕೋರ್ಟಿನಲ್ಲಿತ್ತು. 2022ರ ಸೆಪ್ಟೆಂಬರ್ 1ರಿಂದ ಬಾಲ ನ್ಯಾಯ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದತ್ತು ಆದೇಶ ಇನ್ನು ಮೇಲೆ ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ ಕೊಡಬೇಕು. ಕೋರ್ಟಿನಲ್ಲಿ ಕೂತಿದ್ದ ಕೇಸುಗಳೂ ಅಲ್ಲಿಗೇ ಹೋಗಬೇಕು. ವಕೀಲರಿಗೆ ಕೇಳಿದರೆ "ಇದು ಇನ್ನ ನಮ್ಮ ಕೈಯಾಗಿಲ್ರೀ" ಅಂದರು. ಆ ಕಚೇರಿಗೆ ಹೋದರೆ ಗುಮಾಸ್ತರು "ನಮಗ ಸುತ್ತೋಲೆನ ಬಂದಿಲ್ಲ" ಅಂದರು. ಎರಡೂ ನಿಜವೇ ಇತ್ತು! ನಡುವೆ ನಮ್ಮ ಫೈಲು ಎಲ್ಲಿದೆ ಅಂತ ಆರು ವಾರ ಯಾರಿಗೂ ಗೊತ್ತಿರಲಿಲ್ಲ. ಮುಂಬೈ ಹೈಕೋರ್ಟ್ 2023ರ ಜನವರಿಯಲ್ಲಿ ಆ ವರ್ಗಾವಣೆಗೆ ತಡೆ ಕೊಟ್ಟಾಗ ನಾನು ಗಂಡನಿಗೆ ಹೇಳಿದೆ, ನಾವೂ ಆ ಕಡೆ ಇರಬೇಕಿತ್ತು ಅಂತ.

ಆದರೆ ನಮಗೆ ಒಂದು ಸಮಾಧಾನ ಇತ್ತು. ಮಗ ಫಾಸ್ಟರ್ ಕೇರ್ ಮೇಲೆ, ಅಂದರೆ ಆದೇಶಕ್ಕೆ ಮುಂಚಿನ ತಾತ್ಕಾಲಿಕ ಪಾಲನೆಗೆ ಅಂತ, ಮನೆಗೆ ಬಂದುಬಿಟ್ಟಿದ್ದ. ಕಾಗದ ಎಲ್ಲೇ ಇರಲಿ, ಅವನು ನನ್ನ ಮಗ್ಗುಲಲ್ಲಿ ಮಲಗಿದ್ದ. ನಿಮ್ಮ ತಂಗಿಗೆ ಅದಿಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಬೆಟಗೇರಿ ಕಾಕಾ

ನನಗೆ ಒಂದು ತಿಳಿಯದು. ನಮ್ಮ ಕಾಲದಲ್ಲಿ ದತ್ತಕ ಅಂದರೆ ನಾಲ್ಕು ಮಂದಿ ಹಿರಿಯರು, ಒಬ್ಬ ಐನೋರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಪತ್ರ. ಮುಗೀತು. ನನ್ನ ಸೋದರಮಾವ ಹಾಗೇ ದತ್ತು ಹೋದವರು, 1961ರಲ್ಲಿ. ಒಂದು ಕೂಸಿಗೆ ದೆಹಲಿ, ಅಮೆರಿಕ, ಜಿಲ್ಲಾಧಿಕಾರಿ ಎಲ್ಲರೂ ಯಾಕೆ ಬೇಕು? ಈ ಹುಡುಗಿಗೂ ಹಾಗೇ ಪತ್ರ ಮಾಡಿಸಿ ಕರೆದುಕೊಂಡು ಹೋಗಬಾರದೇಕೆ?

ಹಳೇ ಫೈಲು

ಕಾಕಾ, ನೀವು ಹೇಳಿದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಅದು ಇನ್ನೂ ಇದೆ. ಆದರೆ ಅಲ್ಲಿ ಕೊಡುವವರು ಬೇಕು: ತಂದೆ, ತಾಯಿ, ಅವರಿಲ್ಲದಿದ್ದರೆ ಕೋರ್ಟಿನ ಅನುಮತಿ ಪಡೆದ ಪಾಲಕರು. ಶಿಶುಗೃಹದ ಕೂಸನ್ನು ಪತ್ರ ಮಾಡಿ ಕೊಡೋಕೆ ಯಾರಿಗೂ ಹಕ್ಕಿಲ್ಲ. ಹಾಗೆ ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 80ನೇ ಕಲಮು ಇದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಇಲ್ಲಾ ಎರಡೂ. ಇನ್ನು ಬರೇ ಪತ್ರ ಹಿಡಿದು ಎಂಬಸಿಗೆ ಹೋದರೆ ವೀಸಾ ಸಿಗುವುದಿಲ್ಲ. ಸಂಬಂಧಿಕರ ಮಕ್ಕಳನ್ನು ಹಳೇ ಕಾಯ್ದೆಯಲ್ಲಿ ದತ್ತು ತೆಗೆದುಕೊಂಡು ಹೊರಗೆ ಕರೆದೊಯ್ಯುವವರೂ 2021ರಿಂದ ಜಿಲ್ಲಾಡಳಿತದ ಪರಿಶೀಲನೆ ಮಾಡಿಸಿ ಕಾರಾದ ಮೂಲಕವೇ ಹೋಗಬೇಕು.

ನಾನು ಈ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಎಲ್ಲಿ ಅಂತ ಕೇಳಬೇಡಿ.

ಅಕ್ಕನ ಪ್ರಶ್ನೆಗೆ ಬರ್ತೀನಿ. ಎನ್‌ಒಸಿ ಬಂದ ಮೇಲೆ ದತ್ತು ತಂದೆತಾಯಿ ಇಲ್ಲಿಗೆ ಬಂದರೆ, ಆದೇಶ ಆಗುವವರೆಗೆ ಕೂಸನ್ನು ಫಾಸ್ಟರ್ ಕೇರ್ ಮೇಲೆ ತಮ್ಮ ಹತ್ತಿರ ಇಟ್ಟುಕೊಳ್ಳಬಹುದು. ದೇಶದೊಳಗೆ ಮಾತ್ರ. ನಿಮ್ಮ ಮನೆ ಇದೆ, ಒಳ್ಳೆಯದೇ ಆಯಿತು. ಆದರೆ ಅವರೇ ಖುದ್ದು ಇರಬೇಕು. ನೀವು ಅಥವಾ ನಿಮ್ಮ ತಾಯಿ ಹೋಗಿ ಕರೆದುಕೊಂಡು ಬರೋಕೆ ಆಗಲ್ಲ.

ಆದೇಶ ಆದ ಮೇಲೆ ಕಾರಾದಿಂದ ಅನುಸರಣಾ ಪ್ರಮಾಣಪತ್ರ, ಅಂದರೆ ಕನ್ಫರ್ಮಿಟಿ ಸರ್ಟಿಫಿಕೇಟ್. ದೇಶದಿಂದ ದೇಶಕ್ಕೆ ಹೋಗುವ ದತ್ತಿಗೆ ಇರುವ ಹೇಗ್ ಒಪ್ಪಂದದ 23ನೇ ವಿಧಿಯದು. ಅದಿಲ್ಲದೆ ಅಮೆರಿಕದವರು ಮುಂದೆ ನೋಡುವುದೇ ಇಲ್ಲ. ಆಮೇಲೆ ಹೊಸ ತಂದೆತಾಯಿ ಹೆಸರಿರುವ ಜನನ ಪ್ರಮಾಣಪತ್ರ, ಆಮೇಲೆ ಭಾರತದ ಪಾಸ್‌ಪೋರ್ಟ್, ಆಮೇಲೆ ವೀಸಾ ಮೆಡಿಕಲ್, ಕೊನೆಗೆ ದೆಹಲಿ ಎಂಬಸಿ. ಅಮೆರಿಕದ ದತ್ತು ವೀಸಾ ದೆಹಲಿಯಲ್ಲೇ ಆಗುವುದು, ಹತ್ತಿರ ಅಂತ ಮುಂಬೈಗೆ ಹೋಗಬೇಡಿ. ಇದಕ್ಕೆ ಇಷ್ಟೇ ದಿನ ಅಂತ ನಾನು ಹೇಳಿದರೆ ಅದನ್ನು ನಂಬಿ ನೀವು ಟಿಕೆಟ್ ತೆಗೀತೀರಿ. ಹೇಳಲ್ಲ.

ಹೊಸ ಸಾಹೇಬರ ವಿಷಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯ ಮೂಲಕ ಒಂದು ಪುಟದ ಮನವಿ ಕೊಡಿಸಿ. ಅರ್ಜಿ ಸಲ್ಲಿಸಿದ ತಾರೀಖು, 61ನೇ ಕಲಮಿನ ಎರಡು ತಿಂಗಳು, ಕೂಸಿನ ಸ್ಪೀಚ್ ಥೆರಪಿ. ಮೂರೇ ವಿಷಯ ಬರೆಯಿರಿ. ದೊಡ್ಡವರಿಂದ ಫೋನ್ ಮಾಡಿಸಬೇಡಿ. ಫೋನ್ ಬಂದ ಫೈಲನ್ನು ಗುಮಾಸ್ತ ಹೆದರಿ ಇನ್ನೊಂದು ಸಲ ಪರಿಶೀಲನೆಗೆ ಕಳಿಸುತ್ತಾನೆ. ನಾನೇ ಕಳಿಸಿದ್ದೇನೆ.

ಇನ್ನೊಂದು. ಎಲ್ಲ ಕಾಗದದಲ್ಲೂ ಊರಿನ ಸ್ಪೆಲ್ಲಿಂಗ್ ನೋಡಿ. 2014ರ ನವೆಂಬರ್ 1ಕ್ಕೆ ನಮ್ಮೂರು ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಯಿತು. ಕೆಲವರ ಕೈ ಇನ್ನೂ ಹುಬ್ಲಿ ಅಂತಲೇ ಟೈಪ್ ಮಾಡುತ್ತದೆ.

ಬ್ಯಾಡಗಿ ಖಾರ

ಬೈಯ್ಕೋಬೇಡಿ, ಒಂದು ಮಾತು ಕೇಳಲೇಬೇಕು. ಇಲ್ಲಿ ದತ್ತು ಬೇಕು ಅಂತ ಮೂವತ್ತು ಸಾವಿರಕ್ಕಿಂತ ಜಾಸ್ತಿ ಕುಟುಂಬ ಕಾಯ್ತಾ ಇವೆ. ಅದರಲ್ಲಿ ನಾವೂ ಒಬ್ಬರು. ನಾವು ಮನಸ್ಸು ಮಾಡುವಷ್ಟರಲ್ಲಿ 2022ರ ನಿಯಮ ಬಂತು. ಮುಂಚೆ ಗಂಡ ಹೆಂಡತಿ ವಯಸ್ಸು ಕೂಡಿಸಿ 90 ದಾಟದಿದ್ದರೆ ನಾಲ್ಕು ವರ್ಷದೊಳಗಿನ ಯಾವ ಕೂಸಿಗಾದರೂ ಹೆಸರು ಹಚ್ಚಬಹುದಿತ್ತು. ಈಗ ಎರಡು ವರ್ಷದೊಳಗಿನದಕ್ಕೆ 85. ನಮ್ಮದು 87. ಬರೇ ಎರಡು ವರ್ಷ ಜಾಸ್ತಿ ಅಂತ ಎಳೇ ಕೂಸು ಕೈತಪ್ಪಿತು. ನಮ್ಮ ಮಕ್ಕಳನ್ನು ನಮಗೆ ಕೊಡದೆ ಅಮೆರಿಕಕ್ಕೆ ಯಾಕೆ ಕಳಿಸ್ತಾರೆ?

ವಿದ್ಯಾನಗರದ ಅಕ್ಕ

ಬೈಯ್ಕೊಳ್ಳೋದು ಏನಿಲ್ಲ, ನಿಮ್ಮ ನೋವು ನನಗೆ ಅರ್ಥ ಆಗುತ್ತದೆ. ಆದರೆ ಒಂದು ಕೇಳ್ತೀನಿ, ಸೀಳುತುಟಿಯ ಮೂರು ವರ್ಷದ ಹುಡುಗಿಗೆ ನೀವು ಹ್ಞೂಂ ಅನ್ನುತ್ತಿದ್ದಿರಾ? ಇವಳ ಪ್ರೊಫೈಲ್ ಮೊದಲು ಇಲ್ಲಿನವರಿಗೇ ಹೋಗಿತ್ತು.

ಬ್ಯಾಡಗಿ ಖಾರ

ಸುಳ್ಳು ಹೇಳಲ್ಲ. ಫಾರ್ಮ್‌ನಲ್ಲಿ ಆ ಕಾಲಂ ಬಂದಾಗ ನಾವು "ಇಲ್ಲ" ಅಂತ ಹಾಕಿದ್ವಿ. ರಾತ್ರಿ ಹೆಂಡತಿ ಕೇಳಿದಳು, ಹೊಟ್ಟೆಯಲ್ಲಿ ಹುಟ್ಟಿದ್ದರೆ ಕಾಲಂ ಇರ್ತಿತ್ತಾ ಅಂತ. ಆದರೂ ಬದಲಾಯಿಸಿಲ್ಲ.

ಹಳೇ ಫೈಲು

ಖಾರ ಅವರೇ, ಲೆಕ್ಕ ಹೀಗಿದೆ. 2024-25ರಲ್ಲಿ ಕಾರಾ ಮೂಲಕ ಒಟ್ಟು 4,515 ದತ್ತು ಆದವು. ಅದರಲ್ಲಿ 4,155 ದೇಶದೊಳಗೇ. ಹೊರಗೆ ಹೋದದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಕಾನೂನು ಪ್ರಕಾರ ಮೊದಲು ಇಲ್ಲಿನವರು ಮತ್ತು ಎನ್‌ಆರ್‌ಐಗಳು, ಅವರಿಗೆ 60 ದಿನದಲ್ಲಿ ಹೊಂದದಿದ್ದರೆ ಮಾತ್ರ ಹೊರಗಿನ ದಾರಿ. ದೊಡ್ಡ ಮಕ್ಕಳು, ಅಣ್ಣತಂಗಿ ಜೋಡಿ, ಏನಾದರೂ ಆರೋಗ್ಯದ ತೊಂದರೆ ಇರುವವರು, ಬಹುಪಾಲು ಹೊರಗೆ ಹೋಗುವವರು ಇವರೇ. ಸೀಳುತುಟಿಯಂಥ ಸಣ್ಣದಕ್ಕೂ ನಮ್ಮವರು ಬೇಡ ಅಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫೋಟೋ ನೋಡಿ ಎದ್ದು ಹೋದವರಿದ್ದಾರೆ. ಅದೇ ಕೂಸಿಗೆ ಎರಡು ವರ್ಷದ ಮೇಲೆ ಹೊರಗಿನಿಂದ ಒಬ್ಬ ತಾಯಿ ಬಂದು ಬಾಗಿಲಲ್ಲೇ ಕೂತುಬಿಟ್ಟಳು, ಕಾಲು ನಡುಗಿ.

ಹಾವೇರಿ ಗಾಡಿ

ನಾನು ಡ್ರೈವರ್. ಓದು ಅಷ್ಟಕ್ಕಷ್ಟೇ. ಆದರೂ ಇದರಲ್ಲಿ ನನ್ನದೂ ಒಂದು ಇದೆ.

2020ರ ಫೆಬ್ರವರಿಯಲ್ಲಿ ಇಟಲಿಯ ಗಂಡ ಹೆಂಡತಿಯನ್ನು ಏರ್‌ಪೋರ್ಟಿನಿಂದ ಕರೆತಂದೆ. ಎರಡೂವರೆ ವರ್ಷದ ಗಂಡು ಕೂಸು ದತ್ತು. ಕೋರ್ಟ್ ಆದೇಶ ಆಗಿತ್ತು, ಪಾಸ್‌ಪೋರ್ಟ್ ಬರಬೇಕಿತ್ತು. ಹದಿನೈದು ದಿನದ ಕೆಲಸ ಅಂತ ಕೇಶ್ವಾಪುರದಲ್ಲಿ ಮೇಲ್ಮನೆ ಬಾಡಿಗೆ ಹಿಡಿದರು. ಮಾರ್ಚ್ 22ಕ್ಕೆ ಹೊರದೇಶದ ವಿಮಾನ ಬಂದ್. 25ಕ್ಕೆ ಲಾಕ್‌ಡೌನ್. ಪಾಸ್‌ಪೋರ್ಟ್ ಕಚೇರಿಗೂ ಬೀಗ. ಟಿವಿಯಲ್ಲಿ ಬೆಳಗ್ಗೆ ಸಂಜೆ ಇಟಲಿ ಇಟಲಿ ಅಂತ. ಕೆಳಗಿನ ಮನೆಯವರು ಹೆದರಿ ಮೆಟ್ಟಿಲಿಗೆ ಹಗ್ಗ ಕಟ್ಟಿಬಿಟ್ಟರು. ಅವರು ಬಂದು ಒಂದು ತಿಂಗಳ ಮೇಲಾಗಿತ್ತು, ಒಬ್ಬರಿಗೂ ಕೆಮ್ಮು ಕೂಡ ಇರಲಿಲ್ಲ. ಪಾಸ್ ಇದ್ದದ್ದು ನನ್ನ ಗಾಡಿಗೆ. ಹಾಲು, ತರಕಾರಿ ನಾನೇ ಬುಟ್ಟಿಯಲ್ಲಿ ಇಡುತ್ತಿದ್ದೆ, ಅವರು ಮೇಲಿನಿಂದ ಎಳೆದುಕೊಳ್ಳುತ್ತಿದ್ದರು.

ಎರಡು ತಿಂಗಳಲ್ಲಿ ಏನಾಯಿತು ಅಂದರೆ ಕೂಸಿಗೆ ಇಟಲಿ ಭಾಷೆ ಬರಲಿಲ್ಲ, ಅಪ್ಪನಿಗೆ ಕನ್ನಡ ಬಂತು. "ಬಾರೋ", "ಸಾಕ್ರೀ", "ಬಿಸಿ ಐತಿ", "ಮಲಕೋ". ಇಷ್ಟರಲ್ಲೇ ಇಡೀ ದಿನ ನಡೆಸುತ್ತಿದ್ದ. ಮೇ 25ಕ್ಕೆ ದೇಶದೊಳಗಿನ ವಿಮಾನ ಶುರುವಾದ ಮೇಲೆ ನಾನೇ ಬೆಂಗಳೂರಿಗೆ ಬಿಟ್ಟು ಬಂದೆ. ಅಲ್ಲಿಂದ ದೆಹಲಿ, ದೆಹಲಿಯಿಂದ ಅವರ ಸರ್ಕಾರದ ವಿಮಾನ. ಟೋಲ್ ನಾಕಾದಲ್ಲಿ ಪೊಲೀಸರು ಕೂಸನ್ನು ನೋಡಿ, ಅವರನ್ನು ನೋಡಿ, ನನ್ನನ್ನು ಕೆಳಗಿಳಿಸಿದರು. ಫೈಲು ತೋರಿಸಿದೆವು. ಆ ಫೈಲು ಇಟ್ಟಿಗೆಯಷ್ಟು ದಪ್ಪ ಇತ್ತು. ಪುಣ್ಯಕ್ಕೆ ಇತ್ತು ಅನ್ನಿ.

ಬೆಟಗೇರಿ ಕಾಕಾ

ಮೆಟ್ಟಿಲಿಗೆ ಹಗ್ಗ ಕಟ್ಟಿದವರ ಮನೆ ನನಗೂ ತೋರಿಸು ತಮ್ಮಾ, ಒಮ್ಮೆ ಹೋಗಿ ಮಾತಾಡಿಸಿ ಬರ್ತೀನಿ.

ಡಾಲಸ್‌ನ ಧಾರವಾಡದವ

ಅಕ್ಕಾರ, ನಾನು ಅಮೆರಿಕದ ಕಡೆಯದು ಹೇಳ್ತೀನಿ. ನನ್ನ ಆಫೀಸಿನ ಗೆಳತಿ ಚೀನಾದಿಂದ ಒಂದು ಹುಡುಗಿಯನ್ನು ದತ್ತು ತೆಗೆದುಕೊಳ್ಳಬೇಕಿತ್ತು. 2020ರ ಶುರುವಿನಲ್ಲಿ ಎಲ್ಲ ಹೊಂದಾಣಿಕೆ ಆಗಿತ್ತು, ಹೊರಡೋದೊಂದೇ ಬಾಕಿ. ಕೋವಿಡ್ ಅಂತ ಚೀನಾ ನಿಲ್ಲಿಸಿತು. ಮುಂದಿನ ವರ್ಷ, ಮುಂದಿನ ವರ್ಷ ಅಂತ ನಾಲ್ಕು ವರ್ಷ ಕಾದಳು. ಗೋಡೆಯ ಮೇಲೆ ಹುಡುಗಿಯ ಎತ್ತರ ಗುರುತು ಹಾಕ್ತಿದ್ದಳು, ಅಲ್ಲಿಂದ ಬಂದ ಕಾಗದ ನೋಡಿ. 2024ರ ಆಗಸ್ಟ್ 28ರ ನಂತರ ಹತ್ತಿರದ ರಕ್ತ ಸಂಬಂಧಿಗಳ ಮಕ್ಕಳು ಮತ್ತು ಮಲಮಕ್ಕಳನ್ನು ಬಿಟ್ಟು ಯಾರನ್ನೂ ಹೊರಗೆ ಕಳಿಸಲ್ಲ ಅಂತ ಚೀನಾ ಹೇಳಿಬಿಟ್ಟಿತು. 1992ರಿಂದ ಒಂದು ಲಕ್ಷ ಅರವತ್ತು ಸಾವಿರಕ್ಕಿಂತ ಜಾಸ್ತಿ ಮಕ್ಕಳು ಹೋಗಿದ್ದ ದಾರಿ ಅದು, ಅರ್ಧಕ್ಕಿಂತ ಹೆಚ್ಚು ಅಮೆರಿಕಕ್ಕೇ. ಅವಳು ಇನ್ನೂ ಆ ಗೋಡೆಗೆ ಬಣ್ಣ ಹೊಡೆಸಿಲ್ಲ.

ರಷ್ಯಾ 2013ರಿಂದ ಅಮೆರಿಕದವರಿಗೆ ಕೊಡುವುದನ್ನು ನಿಲ್ಲಿಸಿತು, ಇಥಿಯೋಪಿಯಾ 2018ರಲ್ಲಿ ಹೊರದೇಶದವರೆಲ್ಲರಿಗೂ. ನಮ್ಮ ದೇಶದ ಬಾಗಿಲು ತೆರೆದೇ ಇದೆ. ನಿಮ್ಮ ತಂಗಿಗೆ ಅದನ್ನು ಹೇಳಿ, ಸ್ವಲ್ಪ ಉಸಿರು ಬಿಡ್ತಾರೆ.

ಈಗ ಕೆಲಸದ ಮಾತು. ಹೊರದೇಶದ ಕೂಸನ್ನು ದತ್ತು ತೆಗೆದುಕೊಳ್ಳಲು ಅರ್ಹರು ಅಂತ ಅಮೆರಿಕ ಕೊಡುವ ಐ-800ಎ ಮಂಜೂರಾತಿಗೆ 15 ತಿಂಗಳ ಅವಧಿ. ಬೆರಳಚ್ಚಿಗೂ ಅಷ್ಟೇ. ಇಂಡಿಯಾದಲ್ಲಿ ತಡವಾದರೆ ಅಮೆರಿಕದ್ದು ಮುಗಿದುಹೋಗುತ್ತದೆ, ಆಗ ಮತ್ತೆ ಮೊದಲಿನಿಂದ ಓಡಾಟ. ಮುಗಿಯುವ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಬೇಕು. ತಾರೀಖು ಇವತ್ತೇ ನೋಡಲಿ. ರಜೆ ವಿಷಯ: ದೊಡ್ಡ ಕಂಪನಿಗಳಲ್ಲಿ ಕಾನೂನು ಪ್ರಕಾರ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ, ದತ್ತಿಗೂ ಸಿಗುತ್ತದೆ. ಫಾಸ್ಟರ್ ಕೇರ್ ಅಂತ ಈಗಲೇ ಬಂದು ಅದನ್ನೆಲ್ಲ ಹುಬ್ಬಳ್ಳಿಯಲ್ಲೇ ಮುಗಿಸಿದರೆ, ಕೂಸು ಹೊಸ ಮನೆಗೆ ಹೋದ ಮೇಲೆ ಹತ್ತಿರ ಯಾರೂ ಇರಲ್ಲ. ಗಂಡ ಹೆಂಡತಿ ಒಬ್ಬರಾದ ಮೇಲೆ ಒಬ್ಬರು ರಜೆ ಹಾಕಬಹುದಾ ನೋಡಲಿ.

ಒಂದು ಸಿಹಿ ಸುದ್ದಿ. ಇಂಡಿಯಾದಲ್ಲೇ ದತ್ತು ಪೂರ್ತಿಯಾದ ಮಕ್ಕಳಿಗೆ ಕೊಡುವ ಐಎಚ್-3 ವೀಸಾ ಮೇಲೆ ಹೋದರೆ ಅಮೆರಿಕದಲ್ಲಿ ಇಳಿದ ಕೂಡಲೇ ಮಗು ಅಮೆರಿಕದ ನಾಗರಿಕಳು. ಬೇರೆ ಅರ್ಜಿ ಬೇಡ.

ಹೆಸರು ಬೇಡ

ನಾನು ದತ್ತು ಹೋದವಳು. ದೇಶದೊಳಗೇ. ಈಗ ಇಪ್ಪತ್ತೊಂಬತ್ತು.

ನೀವೆಲ್ಲ ಕಾಗದ ಜಾಸ್ತಿ ಅಂತ ಬೈತಾ ಇದ್ದೀರಿ. ನನ್ನ ಫೈಲು ಎರಡೇ ಹಾಳೆ. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ನನ್ನ ತೂಕ. ಯಾರು ತಂದುಬಿಟ್ಟರು, ಎಲ್ಲಿ ಸಿಕ್ಕೆ, ಮೈಮೇಲೆ ಯಾವ ಬಟ್ಟೆ ಇತ್ತು, ಒಂದೂ ಇಲ್ಲ. ಹದಿನೆಂಟು ತುಂಬಿದ ಮೇಲೆ ಮೂಲ ಹುಡುಕುವ ಹಕ್ಕು ಇದೆ ಅಂತ ಗೊತ್ತಾಗಿ ಹೋದೆ. ಅಲ್ಲಿದ್ದ ಆಯಾ ಒಬ್ಬರು ಮಾತ್ರ ನೆನಪು ಮಾಡಿಕೊಂಡು ಹೇಳಿದರು, ನಾನು ಬಹಳ ಅಳ್ತಿದ್ದೆ ಅಂತ. ಅಷ್ಟೇ ನನ್ನ ಹತ್ತಿರ ಇರೋದು.

ಅಕ್ಕಾ, ಎಲ್ಲ ಕಾಗದದ ನಕಲು ಎರಡು ಸೆಟ್ ಮಾಡಿಸಿ. ಶಿಶುಗೃಹದ ಆಯಾಗಳ ಜೊತೆ ಕೂಸಿನ ಫೋಟೋ ತೆಗೆಸಿ. ಅವಳಿಗೆ ಯಾವ ಹಾಡು ಹೇಳಿ ಮಲಗಿಸುತ್ತಾರೆ ಕೇಳಿ ಬರೆದುಕೊಳ್ಳಿ.

ಕೆಲಗೇರಿ ದಂಡೆ

ಇದನ್ನು ಓದಿ ಈಗಷ್ಟೇ ಎದ್ದು ಹೋಗಿ ಮಗನ ಫೈಲು ಕಪಾಟಿನ ಮೇಲಿಂದ ಕೆಳಗೆ ತೆಗೆದಿಟ್ಟೆ. ಮೇಲೆ ಇಲಿ ಓಡಾಡ್ತಾವೆ.

ಹಳೇ ಫೈಲು

ಹೆಸರು ಬೇಡ ಅನ್ನುವ ತಂಗೀ, ನಿಮ್ಮ ಎರಡು ಹಾಳೆಗೆ ನಮ್ಮಂಥವರೇ ಕಾರಣ. ಆ ಕಾಲದಲ್ಲಿ ಬರೆಯುವ ಕೈ ಸೋಮಾರಿ ಇತ್ತು, ಕೇಳುವವರೂ ಇರಲಿಲ್ಲ.

ಕಾಕಾ ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಬಂತು ಅಂದರೆ, ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ವಿದೇಶಕ್ಕೆ ದತ್ತು ಅಂತ ಕಳಿಸುವ ಮಕ್ಕಳ ಗತಿ ಏನಾಗುತ್ತಿದೆ ನೋಡಿ ಅಂತ. ಕೋರ್ಟು ಅದನ್ನೇ ಅರ್ಜಿಯಾಗಿ ತೆಗೆದುಕೊಂಡು 1984ರಲ್ಲಿ ತೀರ್ಪು ಕೊಟ್ಟಿತು. ಕಾರಾ ಹುಟ್ಟಿದ್ದು ಅದರ ಬೆನ್ನಿಗೆ, 1990ರಲ್ಲಿ. ಹೇಗ್ ಒಪ್ಪಂದ 1993ರದು, ನಾವು ಸೇರಿದ್ದು 2003ರಲ್ಲಿ. ತಾಯಿ ಕೂಸನ್ನು ಒಪ್ಪಿಸಿದರೆ 60 ದಿನ ಮನಸ್ಸು ಬದಲಾಯಿಸಲು ಬಿಡಬೇಕು. ಅಷ್ಟು ದಿನ ಕೂಸು ಸುಮ್ನೆ ಕಾಯುತ್ತದೆ ಅಂತ ಕಾಣುತ್ತದೆ. ಐವತ್ತೆಂಟನೇ ದಿನ ಒಬ್ಬ ಹುಡುಗಿ ರೋಣದ ಕಡೆಯಿಂದ ಬಸ್ಸಿನಲ್ಲಿ ಬಂದು ತನ್ನ ಕೂಸನ್ನು ವಾಪಸ್ ಎತ್ತಿಕೊಂಡು ಹೋದದ್ದನ್ನು ನೋಡಿದ ಮೇಲೆ ನಾನು ಆ 60 ದಿನದ ಬಗ್ಗೆ ಯಾವತ್ತೂ ಗೊಣಗಲಿಲ್ಲ.

ಆದರೆ ಸಾಹೇಬರ ಟ್ರಾನ್ಸ್‌ಫರ್ ಆಯಿತು ಅಂತ ನಾಲ್ಕು ತಿಂಗಳು ಫೈಲು ಮಲಗುವುದು ಯಾವ ಒಪ್ಪಂದದಲ್ಲೂ ಇಲ್ಲ. ಅದು ಬೇರೆ, ಇದು ಬೇರೆ. ಎರಡನ್ನೂ ಕೂಡಿಸಿ "ನಿಯಮ ಹಾಗೇ ಐತಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿದ್ಯಾನಗರದ ಅಕ್ಕ
(ಮೂರು ವಾರ ಆದ ಮೇಲೆ)

ಆದೇಶ ಆಯ್ತು!

ಒಂದು ಪುಟದ ಮನವಿ ಕೊಡಿಸಿದ್ವಿ, ಹಳೇ ಫೈಲು ಸರ್ ಹೇಳಿದ ಹಾಗೆ, ಮೂರೇ ವಿಷಯ. ಹನ್ನೊಂದನೇ ದಿನ ವಿಚಾರಣೆಗೆ ಕರೆದರು. ತಂಗಿ ಮೊದಲು ಒಬ್ಬಳೇ ಹೊರಟು ಬಂದಳು, ವಾಪಸ್ ಹೋಗುವ ಟಿಕೆಟ್ ಇಲ್ಲದೆ. ಅವಳ ಗಂಡ ಆಮೇಲೆ ವಿಚಾರಣೆಗಷ್ಟೇ ಬಂದು ಕೆಲಸಕ್ಕೆ ವಾಪಸ್ ಹೋದ. ಅವನ ರಜೆ ಆಮೇಲಿನದಕ್ಕೆ ಇಟ್ಟುಕೊಂಡಿದ್ದಾರೆ. ಐ-800ಎ ವಿಸ್ತರಣೆಗೂ ಹಾಕಿದ್ದಾರೆ, ಬರೇ ಐದು ವಾರ ಉಳಿದಿತ್ತಂತೆ! ಡಾಲಸ್‌ನ ಅಣ್ಣನಿಗೆ ಪೇಢೆ ಪಾರ್ಸೆಲ್ ಮಾಡೋಕೆ ವಿಳಾಸ ಬೇಕು.

ಮತ್ತೆ ಊರಿನ ಸ್ಪೆಲ್ಲಿಂಗ್. ಆದೇಶದಲ್ಲಿ ಹುಬ್ಬಳ್ಳಿ, ಮೆಡಿಕಲ್ ವರದಿಯಲ್ಲಿ ಹುಬ್ಲಿ, ಒಂದು ಪ್ರಮಾಣಪತ್ರದಲ್ಲಿ ಎರಡೂ ಅಲ್ಲದ ಇನ್ನೊಂದು. ಪಾಸ್‌ಪೋರ್ಟ್ ಅರ್ಜಿಗೆ ಮುಂಚೆಯೇ ಸಿಕ್ಕಿತು. ತಿದ್ದಿಸೋಕೆ ಎಂಟು ದಿನ ಹೋಯಿತು. ಒಂದು ಅಕ್ಷರಕ್ಕೆ ನಾಲ್ಕು ಸಲ ಆ ಕಚೇರಿಯ ಮೆಟ್ಟಿಲು ಹತ್ತಿದೆ. ನಾಲ್ಕನೇ ಸಲ ಅಲ್ಲಿನ ಜವಾನ "ಅಕ್ಕಾರ, ಚಾ ಕುಡೀರಿ" ಅಂದ.

ಹುಡುಗಿ ಮನೆಗೆ ಬಂದು ಒಂಬತ್ತು ದಿನ ಆಯಿತು. ಹೆಸರು ಬೇಡ ಅನ್ನುವ ತಂಗೀ, ಆಯಾಗಳ ಜೊತೆ ಫೋಟೋ ತೆಗೆಸಿದ್ವಿ. ಹಾಡು ಅಲ್ಲವಂತೆ, ಅವಳನ್ನು ಮಲಗಿಸೋದು ಬೆನ್ನ ಮೇಲೆ ಎಣಿಸುತ್ತಾ. ಒಂದು, ಎರಡು, ಮೂರು, ನಾಲ್ಕು ಅಂತ ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಹದಿನೇಳರ ಹತ್ತಿರ ಕಣ್ಣು ಮುಚ್ಚುತ್ತದೆ. ಅದನ್ನು ಕೇಳದೇ ಇದ್ದಿದ್ದರೆ ಮೊದಲ ರಾತ್ರಿ ನಾವೆಲ್ಲ ಜಾಗರಣೆ ಮಾಡಬೇಕಿತ್ತು.

ಕುಂಚಿಗೆ ತಲೆಗೆ ಹತ್ತಲಿಲ್ಲ. ಅವ್ವ ಹೊಸ್ತಿಲಲ್ಲಿ ಅದನ್ನು ಸುಮ್ನೆ ತಲೆಯ ಮೇಲೆ ಮುಟ್ಟಿಸಿ ಒಳಗೆ ಕರೆದುಕೊಂಡಳು. ಈಗ ಅದು ಗೊಂಬೆಯ ತಲೆಯ ಮೇಲಿದೆ.

ಬೆಟಗೇರಿ ಕಾಕಾ

ಬಹಳ ಚಲೋ ಆಯ್ತವ್ವಾ. ನಿಮ್ಮ ಅವ್ವನಿಗೆ ನನ್ನ ಶರಣು ಹೇಳು.

ಬ್ಯಾಡಗಿ ಖಾರ

ಖುಷಿ ಆಯ್ತು ಅಕ್ಕಾ. ನಾವು ಮೊನ್ನೆ ಆ ಕಾಲಂ ಬದಲಾಯಿಸಿದೆವು. ಎಲ್ಲದಕ್ಕೂ ಹ್ಞೂಂ ಅಂತಲ್ಲ, ಕೆಲವಕ್ಕೆ. ಸೀಳುತುಟಿಯ ಮಕ್ಕಳಿಗೆ ಆಪರೇಷನ್ ಎಷ್ಟು ಸಲ ಆಗುತ್ತದೆ, ಊಟಕ್ಕೆ ಏನಾದರೂ ತೊಂದರೆ ಇದೆಯಾ, ಬಿಡುವಾದಾಗ ಬರೀರಿ.

ವಿದ್ಯಾನಗರದ ಅಕ್ಕ
(ಮತ್ತೆ ಒಂದೂವರೆ ತಿಂಗಳ ಮೇಲೆ)

ದೆಹಲಿಯಿಂದ ತಂಗಿ ಮೆಸೇಜ್ ಮಾಡಿದ್ದಾಳೆ. ನಡುವೆ ಪಾಸ್‌ಪೋರ್ಟ್ ಪೊಲೀಸ್ ಪರಿಶೀಲನೆ, ಮೆಡಿಕಲ್, ಎಂಬಸಿಯ ಒಂದು ರಜೆ, ಎಲ್ಲ ಸೇರಿ ಇಷ್ಟು ದಿನ. ಬಿಡಿಸಿ ಬರೆಯೋಕೆ ಬೇಸರ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ನಿನ್ನೆ ಸಂಜೆ ಕೈಗೆ ಬಂತು. ಟಿಕೆಟ್ ತೆಗೆದದ್ದು ನಿನ್ನೆ ರಾತ್ರಿ ಒಂಬತ್ತಕ್ಕೆ. ಅದಕ್ಕಿಂತ ಒಂದು ಗಂಟೆ ಮುಂಚೆಯೂ ಅಲ್ಲ.

ಕೌದಿ ಮೂರು ಕಿಲೋ ಮೇಲೆ ತೂಗುತ್ತದೆ. ಬ್ಯಾಗಿನ ತೂಕ ಹೆಚ್ಚಾಗಿ ತಂಗಿಯ ಎರಡು ಸೀರೆ, ಚಟ್ನಿಪುಡಿ ಡಬ್ಬಿ ದೆಹಲಿಯಲ್ಲೇ ಪರಿಚಯದವರ ಮನೆಯಲ್ಲಿ ಉಳಿದವು. ಕೌದಿ ಬಿಡೋಕೆ ಹುಡುಗಿ ಒಪ್ಪಲಿಲ್ಲ, ಹೊದ್ದುಕೊಂಡೇ ಏರ್‌ಪೋರ್ಟಿಗೆ ಹೋದಳಂತೆ.

ಖಾರ ಅವರೇ, ನಿಮ್ಮ ಪ್ರಶ್ನೆ ಮರೆತಿಲ್ಲ. ಇವಳಿಗೆ ತುಟಿಗೆ ಒಂದು, ಅಂಗುಳಕ್ಕೆ ಒಂದು ಆಗಿದೆ. ಹಲ್ಲು ಬರುವ ಕಾಲಕ್ಕೆ ಇನ್ನೊಂದು ಬೇಕಾಗಬಹುದು ಅಂದಿದ್ದಾರೆ. ಊಟಕ್ಕೆ ಏನೂ ತೊಂದರೆ ಇಲ್ಲ. ರೊಟ್ಟಿ, ಬದನೇಕಾಯಿ ಪಲ್ಯ, ಎರಡೂ ಬೇಕು. ಬೆಳಗ್ಗೆ ದೆಹಲಿಯ ಹೋಟೆಲಿನಲ್ಲಿ ಬ್ರೆಡ್ ಕೊಟ್ಟರೆ ತಟ್ಟೆ ಆ ಕಡೆ ತಳ್ಳಿ "ರೊಟ್ಟಿ" ಅಂದಳಂತೆ. ಮೂಗಿನಲ್ಲೇ ಅಂದಳು, ಆದರೆ ಸಪ್ಲೈಯರ್‌ಗೆ ಅರ್ಥ ಆಯಿತಂತೆ.